ಒಮ್ಮೆಲೇ ಬಿಡುವುದಲ್ಲ, ಇಳಿಸುವುದು

ಶಿರಸಿಯ ಸಹಕಾರಿ ಸಂಘವೊಂದರ ಸಭಾಭವನದಲ್ಲಿ ಹಿರಿಯ ಸದಸ್ಯರು ಮತ್ತು ಅವರ ಮನೆಯವರ ಮುಂದೆ, ನಿದ್ದೆಗೆ ಮತ್ತು ಗಾಬರಿಗೆ ಕೊಡುವ ಗುಳಿಗೆಗಳ ಬಗ್ಗೆ ವೈದ್ಯನಾಗಿ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಲೆಕ್ಕಗಳನ್ನು ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಹಿರಿಯರೇ, ತಾಯಂದಿರೇ,

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯ ದಿನ, 67 ವರ್ಷದ ಒಬ್ಬ ತಾಯಿಯನ್ನು ಅವರ ಸೊಸೆ ನನ್ನ ದವಾಖಾನೆಗೆ ಕರೆತಂದರು. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಅಂಗಳದ ಹಾವಸೆಯ ಮೇಲೆ ಕಾಲು ಜಾರಿ, ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಹೊಸದೇನಲ್ಲ. ಯಾವ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಬಿ.ಪಿ. ಗುಳಿಗೆ ಒಂದೇ ಎಂದರು. ಸೊಸೆಯೂ ಹೌದೆಂದರು.

ಪಟ್ಟಿ ಕಟ್ಟಿ ಮುಗಿಯುವ ಹೊತ್ತಿಗೆ ಅವರಿಗೆ ಕವಳದ ನೆನಪಾಯಿತು. ಒಂದೇ ಕೈಯಲ್ಲಿ ಸಂಚಿ ಬಿಚ್ಚಲಾಗದೆ ನನ್ನ ಮೇಜಿನ ಮೇಲೆ ಇಟ್ಟರು. ವೀಳ್ಯದೆಲೆ, ಹೋಳು ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ. ಅವುಗಳ ನಡುವೆ ಬೆಳ್ಳಿ ಬಣ್ಣದ ಒಂದು ಸ್ಟ್ರಿಪ್. ಕೈಗೆತ್ತಿಕೊಂಡು ಓದಿದೆ: ಆಲ್ಪ್ರಜೋಲಾಂ, 0.5 ಮಿಲಿಗ್ರಾಂ.

"ಇದನ್ನು ಯಾಕೆ ಹೇಳಲಿಲ್ಲ ಅಮ್ಮಾ?"

"ಅದು ಔಷಧ ಅಲ್ಲ ತಮ್ಮಾ, ಅದು ನಿದ್ದೆಯದು."

ಯಜಮಾನರು ತೀರಿಕೊಂಡ ವರ್ಷ ಯಾರೋ ವೈದ್ಯರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ಗುಳಿಗೆ ಹನ್ನೊಂದು ವರ್ಷ ನಡೆದಿತ್ತು. ರಾತ್ರಿ ಒಂದು. ಮಧ್ಯಾಹ್ನ ಎದೆ ಡವಡವ ಎಂದಾಗ ಅಡಕತ್ತರಿಯಲ್ಲಿ ಕತ್ತರಿಸಿದ ಒಂದು ಚೂರು. ಆ ಚೂರುಗಳಿಗೆಂದೇ ಖಾಲಿ ಸುಣ್ಣದ ಡಬ್ಬಿ ಒಂದಿತ್ತು. ತೆರೆದು ನೋಡಿದರೆ ಒಂದು ದೊಡ್ಡದು, ಎರಡು ಸಣ್ಣವು, ಉಳಿದದ್ದು ಹಿಟ್ಟು. ಆ ತಾಯಿ ಹಾವಸೆಯ ಮೇಲೆ ಜಾರಿದ್ದು ನಿಜ. ಆದರೆ ಬೆಳಗಿನ ಜಾವದ ಆ ಕಾಲಿನಲ್ಲಿ ಹಿಂದಿನ ರಾತ್ರಿಯ ಗುಳಿಗೆಯೂ ಇತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇವತ್ತು ನಾನು ಹೇಳಲು ಬಂದದ್ದು ಈ ಗುಳಿಗೆಗಳು ಕೆಟ್ಟವು ಎಂದಲ್ಲ. ಫಿಟ್ಸ್ ನಿಲ್ಲದ ಮಗುವಿಗೆ ಇದೇ ಜಾತಿಯ ಔಷಧ ಜೀವ ಉಳಿಸುತ್ತದೆ. ಶಸ್ತ್ರಚಿಕಿತ್ಸೆಯ ಮೊದಲು, ವಿಪರೀತ ಗಾಬರಿಯ ನಾಲ್ಕು ದಿನ, ಇದಕ್ಕಿಂತ ಬೇಗ ಕೆಲಸ ಮಾಡುವುದು ಕಡಿಮೆ. ಹೇಳಬೇಕಾದ್ದು ಒಂದೇ: ವರ್ಷಗಟ್ಟಲೆ ತೆಗೆದುಕೊಂಡ ಮೇಲೆ ಇದನ್ನು ಒಮ್ಮೆಲೇ ಬಿಡಬಾರದು. ವೈದ್ಯರ ಕಣ್ಣೆದುರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಈ ಮಾತನ್ನು ಕೇಳಿ ಭಯದಿಂದ ಮನೆಗೆ ಹೋಗಿ ಸ್ಟ್ರಿಪ್ಪನ್ನು ಒಲೆಗೆ ಎಸೆದವರಿದ್ದರೆ ನನ್ನ ಉಪನ್ಯಾಸವೇ ಅಪಾಯಕಾರಿಯಾಯಿತು. ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ಯಾವ ಗುಳಿಗೆಗಳು? ಆಲ್ಪ್ರಜೋಲಾಂ, ಕ್ಲೋನಜೆಪಾಂ, ಲೋರಜೆಪಾಂ, ಡಯಾಜೆಪಾಂ, ನೈಟ್ರಜೆಪಾಂ, ಕ್ಲೋರ್ಡಯಜೆಪಾಕ್ಸೈಡ್. ಇವೆಲ್ಲ ಬೆಂಜೋಡಯಜೆಪೈನ್ ಎಂಬ ಒಂದೇ ಕುಟುಂಬ. ಜೋಲ್ಪಿಡೆಮ್ ಬೇರೆ ಕುಟುಂಬದ್ದಾದರೂ ಮಿದುಳಿನಲ್ಲಿ ತಟ್ಟುವ ಬಾಗಿಲು ಅದೇ. ಹೆಚ್ಚಿನವುಗಳ ಹೆಸರು 'ಪಾಂ' ಅಥವಾ 'ಲಾಂ' ಎಂದು ಮುಗಿಯುತ್ತದೆ. ಗುರುತಿಗೆ ಇದು ಸಾಕು. ಆದರೆ ಬೇರೆ ಔಷಧದ ಜೊತೆ ಸೇರಿಕೊಂಡು ಬರುವವುಗಳ ಗುರುತು ಅಷ್ಟು ಸುಲಭವಲ್ಲ. ಹೊಟ್ಟೆ ಉಬ್ಬರಕ್ಕೆ, ಕರುಳಿನ ತೊಂದರೆಗೆ ಕೊಡುವ ಕ್ಲಿಡಿನಿಯಂ ಗುಳಿಗೆಯಲ್ಲಿ ಕ್ಲೋರ್ಡಯಜೆಪಾಕ್ಸೈಡ್ ಇರುತ್ತದೆ. ನಮ್ಮ ಜನ ಅದನ್ನು 'ಗ್ಯಾಸ್ ಗುಳಿಗೆ' ಎನ್ನುತ್ತಾರೆ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಂ ಜೊತೆ ಕ್ಲೋನಜೆಪಾಂ ಸೇರಿಸಿದ ಗುಳಿಗೆ ನಮ್ಮ ದೇಶದಲ್ಲಿ ಬಹಳ ನಡೆಯುತ್ತದೆ. ಎದೆಬಡಿತಕ್ಕೆಂದು ಕೊಡುವ ಪ್ರೊಪ್ರನೊಲೋಲ್ ಜೊತೆ ಆಲ್ಪ್ರಜೋಲಾಂ ಇರುವುದೂ ಉಂಟು. ನಾನು ನಿದ್ದೆ ಗುಳಿಗೆ ಮುಟ್ಟಿದವನೇ ಅಲ್ಲ ಎನ್ನುವ ಹಿರಿಯರು ಐದು ವರ್ಷದಿಂದ ಗ್ಯಾಸ್ ಗುಳಿಗೆಯ ಹೆಸರಿನಲ್ಲಿ ಅದನ್ನೇ ನುಂಗುತ್ತಿರುತ್ತಾರೆ. ಮನೆಗೆ ಹೋದ ಮೇಲೆ ದಯವಿಟ್ಟು ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿಸಿ.

ಇದರಲ್ಲಿ ವೈದ್ಯರ ಪಾಲು ದೊಡ್ಡದು, ನನ್ನದೂ ಸೇರಿ. ವೃತ್ತಿಯ ಮೊದಲ ವರ್ಷಗಳಲ್ಲಿ ನಿದ್ದೆ ಬರುವುದಿಲ್ಲ ಎಂದು ಬಂದವರಿಗೆ ಕಾರಣ ಕೇಳುವಷ್ಟು ಹೊತ್ತು ನನಗಿರಲಿಲ್ಲ, ಅಥವಾ ಇಲ್ಲವೆಂದುಕೊಂಡೆ. ಎರಡು ಸಾಲು ಬರೆದೆ. ಎಷ್ಟು ದಿನಕ್ಕೆ ಎಂದು ಬರೆದೆ, ಹೇಗೆ ನಿಲ್ಲಿಸಬೇಕೆಂದು ಬರೆಯಲಿಲ್ಲ. ಅವರಲ್ಲಿ ಕೆಲವರು ಮುಂದೆ ಆರೆಂಟು ವರ್ಷವಾದ ಮೇಲೆ ಅದೇ ಚೀಟಿಯ ಮಾಸಿದ ಜೆರಾಕ್ಸ್ ಹಿಡಿದುಕೊಂಡು ಬಂದಾಗ ನನ್ನದೇ ಕೈಬರಹ ನೋಡಿ ಎದೆ ಧಸಕ್ಕೆಂದಿದೆ.

ತಿಳಿಯದೆ ಆದದ್ದು ಎಂದು ಹೇಳುವಂತಿಲ್ಲ. ಈ ಕುಟುಂಬದ ಮೊದಲ ಔಷಧ ಕ್ಲೋರ್ಡಯಜೆಪಾಕ್ಸೈಡ್. ಲಿಯೋ ಸ್ಟರ್ನ್‌ಬ್ಯಾಕ್ ಎಂಬ ರಸಾಯನ ವಿಜ್ಞಾನಿ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದು, 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಾಜೆಪಾಂ ಬಂತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಬಾರ್ಬಿಚುರೇಟ್‌ಗಳು ಸ್ವಲ್ಪ ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತಿದ್ದವು. ಅವುಗಳಿಗೆ ಹೋಲಿಸಿದರೆ ಇವು ನಿಜಕ್ಕೂ ಸುರಕ್ಷಿತ, ಅದಕ್ಕೇ ಜಗತ್ತು ಅಪ್ಪಿಕೊಂಡಿತು. ಆದರೆ 1961ರಲ್ಲೇ, ಅಂದರೆ ಔಷಧ ಬಂದು ಒಂದು ವರ್ಷವಾಗುವಷ್ಟರಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಹೆಚ್ಚಿನ ರೋಗಿಗಳಿಗೆ ತೊಂದರೆಯಾಯಿತು, ಕೆಲವರಿಗೆ ಫಿಟ್ಸ್ ಬಂತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಇಡೀ ಕುಟುಂಬದ ಔಷಧಗಳ ಮೇಲೆ ಅವಲಂಬನೆ ಮತ್ತು ಹಿಂತೆಗೆತದ (ಔಷಧ ನಿಂತಾಗ ಮೈ ಪಡುವ ತೊಂದರೆ) ಬಗ್ಗೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಮುದ್ರಿಸಬೇಕೆಂದು ಆದೇಶಿಸಿದ್ದು 2020ರಲ್ಲಿ. ನಡುವಿನ ಅರವತ್ತು ವರ್ಷದಲ್ಲಿ ಎಷ್ಟು ಕವಳದ ಸಂಚಿಗಳಿಗೆ ಇದು ಸೇರಿತೋ ಯಾರು ಎಣಿಸುತ್ತಾರೆ!

ಈಗ ಮೈಯೊಳಗೆ ಏನಾಗುತ್ತದೆ ಎಂಬುದನ್ನು ನಿಮಗೆ ಗೊತ್ತಿರುವ ತೋಟದಿಂದಲೇ ಹೇಳುತ್ತೇನೆ. ಅಡಿಕೆ ಸಸಿ ನೆಟ್ಟಾಗ ಬಿಸಿಲಿಗೆ ಬಾಡದಂತೆ ಬಾಳೆಯ ನೆರಳು ಕೊಡುತ್ತೀರಿ. ನೆರಳಿನಲ್ಲಿ ಬೆಳೆದ ಸಸಿಯ ಎಲೆ ಆ ನೆರಳಿಗೆ ತಕ್ಕಂತೆ ಮೆತ್ತಗಾಗುತ್ತದೆ. ಒಂದು ದಿನ ಯಾರೋ ಬಂದು ಪಶ್ಚಿಮದ ಸಾಲಿನ ಬಾಳೆಯನ್ನೆಲ್ಲ ಕಡಿದುಬಿಟ್ಟರೆ? ವಾರದೊಳಗೆ ಎಲೆ ಸುಟ್ಟು ಹಳದಿಯಾಗುತ್ತದೆ. ಬಿಸಿಲು ಹೆಚ್ಚಾದದ್ದಲ್ಲ. ಮೊದಲೂ ಅಷ್ಟೇ ಬಿಸಿಲಿತ್ತು.

ಮಿದುಳಿನಲ್ಲಿ ಗ್ಯಾಬಾ ಎಂಬ ರಾಸಾಯನಿಕವೊಂದಿದೆ. ನರಗಳ ಅಬ್ಬರವನ್ನು ತಗ್ಗಿಸುವುದು ಅದರ ಕೆಲಸ. ಈ ಗುಳಿಗೆಗಳು ಆ ಗ್ಯಾಬಾದ ಕೆಲಸವನ್ನು ಹೆಚ್ಚಿಸುತ್ತವೆ. ವಾರಗಟ್ಟಲೆ ಹೀಗೆ ಹೊರಗಿನ ನೆರಳು ಸಿಕ್ಕಾಗ ಮಿದುಳು ತನ್ನದೇ ತಂಪನ್ನು ಕಡಿಮೆ ಮಾಡಿಕೊಳ್ಳುತ್ತದೆ, ಉದ್ರೇಕದ ಕಡೆಯ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ. ಆಗ ಗುಳಿಗೆ ತಪ್ಪಿದರೆ ತಂಪೂ ಇಲ್ಲ, ನೆರಳೂ ಇಲ್ಲ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹಾರುತ್ತದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಕುಕ್ಕರ್ ಸೀಟಿ ತಲೆಯೊಳಗೇ ಊದಿದಂತಾಗುತ್ತದೆ. ಚರ್ಮದ ಮೇಲೆ ಇರುವೆ ಹರಿದಂತೆ, ಕಿವಿಯಲ್ಲಿ ಜೀರುಂಡೆ ಕೂಗಿದಂತೆ, ನೆಲ ತೇಲಿದಂತೆ. ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಅದು ಪ್ರಾಣಕ್ಕೂ ಕುತ್ತಾಗಬಹುದು. ಆಲ್ಪ್ರಜೋಲಾಂನಂತಹ ಬೇಗ ಇಳಿಯುವ ಗುಳಿಗೆಯಾದರೆ ಇದು ಒಂದರಿಂದ ಮೂರು ದಿನದೊಳಗೆ, ಡಯಾಜೆಪಾಂನಂತಹ ನಿಧಾನದ್ದಾದರೆ ವಾರ ಕಳೆದ ಮೇಲೂ ಬರಬಹುದು.

ಇದನ್ನು ಚಟ ಎನ್ನಬೇಡಿ ಎಂದು ಮನೆಯವರಲ್ಲಿ ಕೈ ಮುಗಿದು ಕೇಳುತ್ತೇನೆ. ವೈದ್ಯರು ಹೇಳಿದಷ್ಟೇ ತೆಗೆದುಕೊಂಡು, ಒಂದು ಗುಳಿಗೆಯನ್ನೂ ಹೆಚ್ಚಿಸದೆ, ಯಾರಿಗೂ ಮೋಸ ಮಾಡದೆ ಇದ್ದವರ ಮೈಯೂ ಹೀಗೆ ಅವಲಂಬಿತವಾಗುತ್ತದೆ. ಅದು ಮೈಯ ಧರ್ಮ. "ಅಷ್ಟು ಗಟ್ಟಿ ಮನಸ್ಸಿಲ್ಲವೇ, ಬಿಟ್ಟುಬಿಡು" ಎಂದು ಗದರಿಸುವ ಮಗ ತಾಯಿಗೆ ಒಳ್ಳೆಯದನ್ನೇ ಬಯಸುತ್ತಾನೆ, ಆದರೆ ಅಪಾಯಕ್ಕೆ ತಳ್ಳುತ್ತಾನೆ.

ಗಟ್ಟಿ ಮನಸ್ಸಿನಿಂದಲೇ ಕೆಟ್ಟ ಒಬ್ಬರ ಕಥೆ ಕೇಳಿ. ಕಾರವಾರದ ಕಡೆಯ ಮೀನುಗಾರರು, ನಲವತ್ತರ ಆಸುಪಾಸು. ಸಾಲ, ಎಂಜಿನ್ ರಿಪೇರಿ, ಮಗಳ ಓದು ಎಂದು ತಲೆ ಕೆಟ್ಟಾಗ ಶುರುವಾದ ಆಲ್ಪ್ರಜೋಲಾಂ ದಿನಕ್ಕೆ ಮೂರು ಮಿಲಿಗ್ರಾಂ ತನಕ ಏರಿತ್ತು. ಮೀನುಗಾರಿಕೆಯ ನಿಷೇಧದ ಎರಡು ತಿಂಗಳು, ಜೂನ್ ಮತ್ತು ಜುಲೈ, ಮನೆಯಲ್ಲಿ ಕುಳಿತು ಇನ್ನಷ್ಟು ಹೆಚ್ಚಾಯಿತು. ಆಗಸ್ಟ್‌ನಲ್ಲಿ ದೋಣಿ ಹೊರಟಾಗ ಒಂದು ನಿರ್ಧಾರ ಮಾಡಿದರು: ಎಂಟು ದಿನ ಸಮುದ್ರದಲ್ಲಿ ಇರುತ್ತೇನೆ, ಅಲ್ಲಿ ಔಷಧದ ಅಂಗಡಿ ಇಲ್ಲ, ಬಿಟ್ಟೇಬಿಡುತ್ತೇನೆ. ಸ್ಟ್ರಿಪ್ಪನ್ನು ಬೇಕೆಂದೇ ಮನೆಯಲ್ಲಿಟ್ಟು ಹೋದರು. ಹೆಂಡತಿ ದೇವರಿಗೆ ದೀಪ ಹಚ್ಚಿದರು. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಎರಡನೆಯ ದಿನ ಬಲೆ ಎಳೆಯುವ ಕೈ ನಡುಗುತ್ತಿತ್ತು, ಜೊತೆಯವರು ಜ್ವರವೆಂದುಕೊಂಡರು. ಮೂರನೆಯ ದಿನ ಬೆಳಿಗ್ಗೆ ದೋಣಿಯ ಹಲಗೆಯ ಮೇಲೆ ಫಿಟ್ಸ್ ಬಂತು. ಸಮುದ್ರಕ್ಕೆ ಬೀಳದಂತೆ ತಮ್ಮ ಅವರನ್ನು ತಬ್ಬಿ ಹಿಡಿದುಕೊಂಡನಂತೆ. ದಡ ಸೇರಲು ಎಷ್ಟೋ ತಾಸು. ಆಸ್ಪತ್ರೆಯಲ್ಲಿ ಲೋರಜೆಪಾಂ ಚುಚ್ಚುಮದ್ದಿಗೆ ನಿಂತಿತು. ಅಂದರೆ ಬಿಟ್ಟು ಬಂದ ಕುಟುಂಬದ ಔಷಧವೇ ಕಾಪಾಡಬೇಕಾಯಿತು. ಆಮೇಲೆ ಬಹಳ ದಿನದ ನಂತರ ಅವರ ತಮ್ಮ ನನಗೆ ಹೇಳಿದ್ದು ಮರೆಯಲಾರೆ: "ಅಣ್ಣ ಗುಳಿಗೆ ಬಿಟ್ಟನೆಂದು ನಾವೆಲ್ಲ ಖುಷಿಯಲ್ಲಿದ್ದೆವು ಡಾಕ್ಟರೇ. ಒಬ್ಬರೂ ಬೇಡ ಎನ್ನಲಿಲ್ಲ."

ಬೇಡ ಎನ್ನಲು ಯಾರಿಗಾದರೂ ಗೊತ್ತಿರಬೇಕಲ್ಲ? ನಾನು ಈ ಮಾತುಗಳನ್ನು ಊರೂರಿನಲ್ಲಿ ಹೇಳುತ್ತಾ ತಿರುಗುವುದು ಆ ಒಂದು ಮಾತಿನಿಂದಾಗಿ.

ಇನ್ನೊಂದು ದೊಡ್ಡ ಗೊಂದಲವಿದೆ. ಗುಳಿಗೆ ತಪ್ಪಿದ ರಾತ್ರಿ ನಿದ್ದೆ ಬರುವುದಿಲ್ಲ. ಎರಡನೆಯ ರಾತ್ರಿ ಇನ್ನೂ ಕೆಟ್ಟದಾಗಿರುತ್ತದೆ. ಮೂರನೆಯ ರಾತ್ರಿ ಒಂದು ಗುಳಿಗೆ ನುಂಗಿದ ತಕ್ಷಣ ತಣ್ಣಗಾಗುತ್ತದೆ. ಆಗ ರೋಗಿ ಮಾಡುವ ತೀರ್ಮಾನ: ನೋಡಿ, ನನ್ನ ಕಾಯಿಲೆ ಇನ್ನೂ ಇದೆ, ಗುಳಿಗೆ ಇಲ್ಲದೆ ನನಗಾಗದು. ಎಷ್ಟೋ ಸಲ ವೈದ್ಯರೂ ಹಾಗೇ ತಿಳಿದು ಪ್ರಮಾಣ ಹೆಚ್ಚಿಸುತ್ತಾರೆ. ವಾಸ್ತವದಲ್ಲಿ ಹನ್ನೊಂದು ವರ್ಷದ ಹಿಂದಿನ ದುಃಖ ಎಂದೋ ಕರಗಿರುತ್ತದೆ. ಈಗ ಕಾಣುವುದು ಗುಳಿಗೆ ಹೋದ ಜಾಗದ ಉರಿ. ಹಳೆಯ ಕಾಯಿಲೆಯಲ್ಲಿ ಎಂದೂ ಇಲ್ಲದಿದ್ದ ಲಕ್ಷಣಗಳು, ಅಂದರೆ ಶಬ್ದ ತಾಳಲಾಗದಿರುವುದು, ಚರ್ಮ ಚುಮುಗುಡುವುದು, ಬಾಯಿಯಲ್ಲಿ ಲೋಹದ ರುಚಿ, ಇವು ಕಂಡರೆ ಹಿಂತೆಗೆತವೆಂದೇ ಮೊದಲು ಯೋಚಿಸಬೇಕು. ಆ ತಾಯಿಗೆ ಮಧ್ಯಾಹ್ನ ಎದೆ ಡವಡವ ಎನ್ನುತ್ತಿದ್ದದ್ದೂ ಅದೇ. ಆಲ್ಪ್ರಜೋಲಾಂನ ಅರ್ಧ ಭಾಗ ಸುಮಾರು ಹನ್ನೊಂದು ತಾಸಿನಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ವಯಸ್ಸಾದವರಲ್ಲಿ ಇನ್ನಷ್ಟು ತಡವಾದೀತು. ರಾತ್ರಿಯ ಗುಳಿಗೆ ಮರುದಿನ ಇಳಿಯುತ್ತ ಬರುವ ಹೊತ್ತಿಗೆ ಮೈ ಕೇಳಲು ಶುರುಮಾಡುತ್ತಿತ್ತು. ಅವರು ಅದನ್ನು ಹೃದಯದ ತೊಂದರೆ ಎಂದು ತಿಳಿದು ಎರಡು ಸಲ ಇ.ಸಿ.ಜಿ. ಮಾಡಿಸಿಕೊಂಡಿದ್ದರು.

ಹಾಗಾದರೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? 'ಡಿಟಾಕ್ಸ್' ಎಂಬ ಪದ ಕೇಳಿ ಸಲೈನ್ ಹಾಕಿ ರಕ್ತ ತೊಳೆಯುತ್ತಾರೆಂದು ಜನ ತಿಳಿದಿದ್ದಾರೆ. ತೊಳೆಯುವಂಥದ್ದು ಏನೂ ಇಲ್ಲ. ಔಷಧ ತಾನಾಗಿಯೇ ಕೆಲವು ದಿನದಲ್ಲಿ ಮೈಯಿಂದ ಹೋಗುತ್ತದೆ, ಹಾಗೆ ಬೇಗ ಹೋಗುವುದೇ ತೊಂದರೆ. ಆಸ್ಪತ್ರೆಯ ಕೆಲಸ ಅದನ್ನು ನಿಧಾನವಾಗಿ ಹೋಗುವಂತೆ ಮಾಡುವುದು. ಮೊದಲು ಲೆಕ್ಕ ತೆಗೆಯುತ್ತಾರೆ: ಯಾವುದು, ಎಷ್ಟು, ಎಷ್ಟು ವರ್ಷ, ಜೊತೆಗೆ ಸಾರಾಯಿ ಇದೆಯೇ, ನೋವಿನ ಗುಳಿಗೆ ಇದೆಯೇ, ಹಿಂದೆ ಫಿಟ್ಸ್ ಬಂದಿತ್ತೇ. ಸಾಮಾನ್ಯವಾಗಿ ಬೇಗ ಇಳಿಯುವ ಗುಳಿಗೆಯ ಬದಲು ನಿಧಾನ ಇಳಿಯುವ ಡಯಾಜೆಪಾಂಗೆ ಬದಲಿಸುತ್ತಾರೆ. ಆಲ್ಪ್ರಜೋಲಾಂ 0.5 ಮಿಲಿಗ್ರಾಂ ಸುಮಾರು ಡಯಾಜೆಪಾಂ 10 ಮಿಲಿಗ್ರಾಂಗೆ ಸಮ ಎಂದು ಹಿಡಿಯುವುದುಂಟು. ಸಣ್ಣಗೆ ಕಾಣುವ ಗುಳಿಗೆಯ ಬಲ ಎಷ್ಟು ನೋಡಿ! ಲಿವರ್ ಕೆಟ್ಟವರಿಗೆ, ತೀರಾ ವಯಸ್ಸಾದವರಿಗೆ ಡಯಾಜೆಪಾಂ ಮೈಯಲ್ಲಿ ಸೇರಿಕೊಂಡು ಮಂಪರು ತರುತ್ತದೆ, ಅವರಿಗೆ ಬೇರೆ ದಾರಿ. ನರ್ಸ್ ನಾಲ್ಕಾರು ತಾಸಿಗೊಮ್ಮೆ ನಾಡಿ, ರಕ್ತದೊತ್ತಡ, ನಡುಕ, ಬೆವರು ನೋಡಿ ಬರೆಯುತ್ತಾರೆ. ಆ ಪುಟವೇ ಮುಂದಿನ ಪ್ರಮಾಣವನ್ನು ನಿರ್ಧರಿಸುತ್ತದೆ. ನೋಡುವವರಿಗೆ ಇದರಲ್ಲಿ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಏನೂ ನಡೆಯದಂತೆ ನೋಡಿಕೊಳ್ಳುವುದೇ ಅಲ್ಲಿನ ಚಿಕಿತ್ಸೆ.

ಎಲ್ಲರೂ ಮಂಚ ಹಿಡಿಯಬೇಕಿಲ್ಲ. ಹೆಚ್ಚು ಪ್ರಮಾಣದವರು, ಹಿಂದೆ ಫಿಟ್ಸ್ ಬಂದವರು, ಸಾರಾಯಿಯನ್ನೂ ಕುಡಿಯುವವರು, ಗರ್ಭಿಣಿಯರು, ಗಂಭೀರ ಮಾನಸಿಕ ಕಾಯಿಲೆಯವರು, ಮನೆಯಲ್ಲಿ ನೋಡುವವರಿಲ್ಲದ ಮುದುಕರು ಒಳರೋಗಿಯಾಗಿ ಇರುವುದು ಕ್ಷೇಮ. ಉಳಿದ ಹೆಚ್ಚಿನವರು ಮನೆಯಲ್ಲೇ ಇದ್ದು ಎರಡು ಮೂರು ವಾರಕ್ಕೊಮ್ಮೆ ಬಂದು ಹೋಗಬಹುದು. ಒಳರೋಗಿಯಾದವರಿಗೂ ಆಸ್ಪತ್ರೆಯ ಎರಡು ವಾರ ಬರೀ ಆರಂಭ. ಆಮೇಲೆ ತಿಂಗಳುಗಳು ಮನೆಯಲ್ಲಿ ನಡೆಯುತ್ತವೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಶ್ಟನ್ ಎಂಬ ವೈದ್ಯೆ 1982ರಿಂದ 1994ರ ತನಕ ಇದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. ಬಂದವರ ಮಾತನ್ನು ನಂಬಿ, ಅವರೇ ವೇಗ ನಿರ್ಧರಿಸಲಿ ಎಂದರು. ಅದೇ ಕಾಲದ ಎಷ್ಟೋ ವೈದ್ಯರು ಈ ರೋಗಿಗಳು ಉತ್ಪ್ರೇಕ್ಷೆ ಮಾಡುತ್ತಾರೆಂದು ತಳ್ಳಿಹಾಕುತ್ತಿದ್ದರು. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿ ಹೇಳುವುದೂ ಅದೇ ದಾರಿಯದು: ಆರಂಭದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದು, ಯಾವ ಕಾರಣಕ್ಕೂ ಎರಡು ವಾರಕ್ಕೆ ಶೇ. 25ನ್ನು ದಾಟಬಾರದು.

ಆ ತಾಯಿಗೆ ನಾವು ಮಾಡಿದ್ದನ್ನು ಹೇಳುತ್ತೇನೆ. ಇದು ಅವರ ಲೆಕ್ಕ, ನಿಮ್ಮದಲ್ಲ. ಮನೋವೈದ್ಯರ ಸಲಹೆ ಪಡೆದೇ ಶುರುಮಾಡಿದೆವು. ಮೊದಲು ಅಡಕತ್ತರಿಯನ್ನು ಅಡಿಕೆಗೆ ಮಾತ್ರ ಮೀಸಲಿಟ್ಟೆವು. 0.25ರ ಗುಳಿಗೆಗಳು ಸಿಗುತ್ತವೆ, ಔಷಧದ ಅಂಗಡಿಯಲ್ಲಿ ಗುಳಿಗೆ ಕತ್ತರಿಸುವ ಪುಟ್ಟ ಡಬ್ಬಿಯೂ ಸಿಗುತ್ತದೆ. ಎರಡನ್ನೂ ತರಿಸಿದೆವು. ದಿನದ ಒಟ್ಟು 0.75 ಎಂದು ಲೆಕ್ಕ ಹಿಡಿದು, ಕಡಿಮೆ ಮಾಡುವ ಬದಲು ಮೂರು ವಾರ ಅಷ್ಟನ್ನೇ ಹೊತ್ತಿಗೆ ಸರಿಯಾಗಿ ಕೊಟ್ಟೆವು. ಮಧ್ಯಾಹ್ನದ ಡವಡವ ಅಷ್ಟರಿಂದಲೇ ಅರ್ಧ ಕಡಿಮೆಯಾಯಿತು. ಆಮೇಲೆ ನಾಲ್ಕು ವಾರಕ್ಕೊಮ್ಮೆ 0.125, ಅಂದರೆ ಸಣ್ಣ ಗುಳಿಗೆಯ ಅರ್ಧ ತೆಗೆದೆವು. ಈಗಿನ ಮಾರ್ಗಸೂಚಿಯ ವೇಗಕ್ಕಿಂತ ಇದು ಸ್ವಲ್ಪ ಹೆಚ್ಚು. ಅವರ ಪ್ರಮಾಣ ಕಡಿಮೆ ಇತ್ತು, ಸೊಸೆಯ ಕಣ್ಣು ಸದಾ ಮೇಲಿತ್ತು, ಅದಕ್ಕೆ ಧೈರ್ಯ ಮಾಡಿದೆವು.

ಇಲ್ಲಿ ಒಂದು ಗಣಿತವಿದೆ. 0.75ರಲ್ಲಿ 0.125 ತೆಗೆದರೆ ಹೋದದ್ದು ಆರನೆಯ ಒಂದು ಪಾಲು. 0.25ರಲ್ಲಿ ಅಷ್ಟನ್ನೇ ತೆಗೆದರೆ ಹೋದದ್ದು ಅರ್ಧ. ಕೈಗೆ ಕಾಣುವ ಚೂರು ಒಂದೇ, ಮೈಗೆ ಬೀಳುವ ಪೆಟ್ಟು ಮೂರು ಪಟ್ಟು. ಅದಕ್ಕೇ ಕೊನೆಕೊನೆಗೆ ಇನ್ನೂ ಸಣ್ಣ ಚೂರು, ಇನ್ನೂ ಉದ್ದ ಅವಧಿ. "ಇಷ್ಟು ಇಳಿದಿದೆ, ಇನ್ನೇನು, ಬಿಟ್ಟುಬಿಡೋಣ" ಎಂದು ಕೊನೆಯ ಮೆಟ್ಟಿಲಿನಿಂದ ಹಾರಿ ಮತ್ತೆ ಮೊದಲ ಮೆಟ್ಟಿಲಿಗೆ ಬಂದವರು ಬಹಳ.

ನಡುವೆ ನಿಲ್ಲುವುದೂ ಕ್ರಮದ ಭಾಗವೇ. ಆ ವರ್ಷ ಮಾರಿಕಾಂಬೆಯ ಜಾತ್ರೆ ಬಂತು. ಒಂಬತ್ತು ದಿನ ಮನೆ ತುಂಬ ನೆಂಟರು, ರಾತ್ರಿಯಿಡೀ ಗದ್ದಲ. ಆ ತಿಂಗಳು ಇಳಿಸಲಿಲ್ಲ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೂ ಇಳಿಸಲಿಲ್ಲ, ಮೊಮ್ಮಗಳ ಮದುವೆಗೂ ಇಳಿಸಲಿಲ್ಲ. ಆದರೆ ನಿಂತ ಕಡೆಯಿಂದ ಮೇಲೆ ಹತ್ತಲಿಲ್ಲ. ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಪೆನ್ಸಿಲ್‌ನಿಂದ ಎಷ್ಟು ಗುಳಿಗೆ, ಎಷ್ಟು ತಾಸು ನಿದ್ದೆ ಎಂದು ಗುರುತು ಹಾಕುತ್ತಿದ್ದರು. ನಿದ್ದೆಗೆಂದು ಬೇರೆ ಕೆಲಸವೂ ನಡೆಯಿತು: ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನ ಮಲಗದಿರುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳದೆ ಎದ್ದು ಜಗುಲಿಯಲ್ಲಿ ಕೂರುವುದು. ಅಡಿಕೆ ಬೆಳೆಯುವವರ ಮುಂದೆ ಹೇಳಲು ಸಂಕೋಚವಿಲ್ಲ, ಅಡಿಕೆಯೂ ನರವನ್ನು ಚುರುಕುಗೊಳಿಸುತ್ತದೆ, ತಂಬಾಕು ಕೇಳುವುದೇ ಬೇಡ. ರಾತ್ರಿಯ ಊಟದ ಮೇಲಿನ ಕವಳವನ್ನು ಅವರು ಬಿಟ್ಟರು. ಗುಳಿಗೆಗಿಂತ ಅದೇ ಕಷ್ಟವಾಯಿತು ಎಂದು ಈಗಲೂ ಹೇಳುತ್ತಾರೆ. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು.

ಹದಿನಾಲ್ಕು ತಿಂಗಳು ಎಂದಾಗ ನಿಮ್ಮಲ್ಲಿ ಕೆಲವರ ಮುಖ ಸಣ್ಣದಾದದ್ದು ಕಂಡಿತು. ಅದಕ್ಕೇ ಏಳು ದಿನದಲ್ಲಿ ಬಿಡಿಸುತ್ತೇವೆ ಎಂಬ ಫಲಕಗಳಿಗೆ ಜನ ಮರುಳಾಗುತ್ತಾರೆ. ಈ ಔಷಧಗಳ ವಿಷಯದಲ್ಲಿ ಏಳು ದಿನದ ಭರವಸೆ ಕೊಡುವವರನ್ನು ನಂಬಬೇಡಿ. ವೈದ್ಯರಿಲ್ಲದೆ, ರಾತ್ರಿ ನರ್ಸ್ ಇಲ್ಲದೆ, ಕೋಣೆಗೆ ಬೀಗ ಹಾಕಿ ಬಿಡಿಸುವ ಜಾಗಗಳು ಚಿಕಿತ್ಸಾ ಕೇಂದ್ರಗಳಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಇಂಥ ಕೇಂದ್ರ ನೋಂದಣಿಯಾಗಿರಬೇಕು, ಯಾರನ್ನೂ ಯಾವ ರೂಪದಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ.

ಔಷಧದ ಅಂಗಡಿಯವರಿಗೂ ಒಂದು ಮಾತು. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್‌ನಿಂದ ಜಾರಿಯಾದ, ವೈದ್ಯರ ಚೀಟಿಗೇ ಮಾರಬೇಕಾದ ಔಷಧಗಳ ಎಚ್-1 ಪಟ್ಟಿಯಲ್ಲಿ ಆಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಮ್ ಇವೆ. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬೇರೆ ಪುಸ್ತಕದಲ್ಲಿ ದಾಖಲಾಗಬೇಕು, ಮೂರು ವರ್ಷ ಇಡಬೇಕು. ಕಾನೂನು ಸರಿಯಾದದ್ದೇ. ಆದರೆ ಹತ್ತು ವರ್ಷದ ಗಿರಾಕಿಗೆ ಒಂದು ದಿನ ಇದ್ದಕ್ಕಿದ್ದಂತೆ "ಇನ್ನು ಕೊಡುವುದಿಲ್ಲ" ಎಂದು ಕಳಿಸುವ ಮೊದಲು, ಅವರನ್ನು ವೈದ್ಯರ ಹತ್ತಿರ ಅದೇ ದಿನ ಮುಟ್ಟಿಸಿ. ತೆಲಂಗಾಣದಲ್ಲಿ ಸೇಂದಿಗೆ ಆಲ್ಪ್ರಜೋಲಾಂ ಬೆರೆಸುವ ದಂಧೆಯಿದೆ. 2020ರ ಲಾಕ್‌ಡೌನಿನಲ್ಲಿ ಸೇಂದಿ ನಿಂತಾಗ ತಾವು ಕುಡಿಯುತ್ತಿದ್ದದ್ದು ಏನೆಂದೇ ತಿಳಿಯದ ಜನ ನಡುಕ, ಫಿಟ್ಸ್, ಭ್ರಮೆಗಳೊಂದಿಗೆ ಹೈದರಾಬಾದಿನ ಆಸ್ಪತ್ರೆಗೆ ಬಂದರು. ಪೂರೈಕೆ ಹಠಾತ್ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಕಿಲ್ಲ. ನಮ್ಮಲ್ಲಿ ಅದನ್ನು ಮಳೆಯೇ ಮಾಡಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಘಟ್ಟದ ರಸ್ತೆ ಕಡಿದುಹೋದಾಗ ಮನೆಯಲ್ಲಿ ಎರಡೇ ಗುಳಿಗೆ ಉಳಿದಿದ್ದರೆ? ಇಳಿಸುವ ಹಾದಿಯಲ್ಲಿರುವವರು ಮಳೆಗಾಲದಲ್ಲಿ ಹತ್ತು ದಿನದ ಗುಳಿಗೆ ಮುಂಚಿತವಾಗಿ ಇಟ್ಟುಕೊಳ್ಳಲು ವೈದ್ಯರ ಹತ್ತಿರ ಕೇಳಿ.

ಶಸ್ತ್ರಚಿಕಿತ್ಸೆಗೆ ಸೇರುವಾಗಲೂ ಇದೇ. ಸೊಂಟ ಮುರಿದ ಅಜ್ಜಿಗೆ ಆಪರೇಷನ್ ಚೆನ್ನಾಗಿ ಆಗುತ್ತದೆ, ಮೂರನೆಯ ದಿನ ಅಜ್ಜಿ ಗೋಡೆಯ ಜೊತೆ ಮಾತನಾಡಲು ಶುರುಮಾಡುತ್ತಾರೆ. ಮನೆಯವರು ಅರಳುಮರುಳು ಎನ್ನುತ್ತಾರೆ. ಕವಳದ ಸಂಚಿ ಊರಿನಲ್ಲೇ ಉಳಿದಿರುತ್ತದೆ.

ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಧೈರ್ಯ ಕೊಟ್ಟಿದೆ. 65 ದಾಟಿದ, ವರ್ಷಗಳಿಂದ ಈ ಗುಳಿಗೆ ನುಂಗುತ್ತಿದ್ದ ಸುಮಾರು 300 ಜನರಲ್ಲಿ ಅರ್ಧ ಜನರಿಗೆ ಒಂದು ಕಿರುಪುಸ್ತಕ ಕಳಿಸಿದರು. ಅಪಾಯವೇನು, ಹಂತಹಂತವಾಗಿ ಇಳಿಸುವುದು ಹೇಗೆ, ವೈದ್ಯರ ಹತ್ತಿರ ಏನು ಮಾತನಾಡಬೇಕು ಎಂದಷ್ಟೇ ಅದರಲ್ಲಿತ್ತು. ಆರು ತಿಂಗಳಲ್ಲಿ ಅವರಲ್ಲಿ ಶೇ. 27 ಮಂದಿ ಗುಳಿಗೆಯಿಂದ ಹೊರಬಂದಿದ್ದರು. ಕಿರುಪುಸ್ತಕ ಸಿಗದವರಲ್ಲಿ ಶೇ. 5. ವಯಸ್ಸಾದವರಿಗೆ ಹೇಳಿ ಪ್ರಯೋಜನವಿಲ್ಲ ಎನ್ನುವವರಿಗೆ ನಾನು ಈ ಎರಡು ಸಂಖ್ಯೆ ಹೇಳುತ್ತೇನೆ.

ಎಲ್ಲಿಗೆ ಹೋಗಬೇಕು? ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಜಿಲ್ಲೆಯಲ್ಲೇ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಹೊತ್ತು ಗಾಬರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್ ಬಂದರೆ, ಮಾತು ತಪ್ಪಿದರೆ, ಇಲ್ಲದ್ದು ಕಂಡರೆ 108ಕ್ಕೆ ಕರೆ ಮಾಡಿ, ಸ್ಟ್ರಿಪ್ ಜೊತೆಗಿಟ್ಟುಕೊಳ್ಳಿ.

ಮಾತು ಮುಗಿದ ಮೇಲೆ ಯುವಕರೊಬ್ಬರು ಎದ್ದು ಕೇಳಿದರು: ತೋಟದಲ್ಲಿ ಅಡಿಕೆ ಕೊನೆ ಇಳಿಸುವವರೊಬ್ಬರು ಈ ಗುಳಿಗೆ ತೆಗೆದುಕೊಳ್ಳುತ್ತಾರೆ, ಮರ ಹತ್ತಿಸಬಹುದೇ? ಬೇಡ. ಗುಳಿಗೆ ಇರುವಾಗಲೂ ಬೇಡ, ಇಳಿಸುತ್ತಿರುವಾಗಲೂ ಬೇಡ. ಅವರ ಕೂಲಿ ತಪ್ಪದಂತೆ ಕೆಳಗಿನ ಕೆಲಸ ಕೊಡಿ. ಅದು ನಿಮ್ಮ ಕೈಯಲ್ಲೇ ಇದೆ.

ಹಿರಿಯರೊಬ್ಬರು: "ನನ್ನ ಅಕ್ಕನಿಗೆ 84. ಇಪ್ಪತ್ತು ವರ್ಷದಿಂದ ಅರ್ಧ ಗುಳಿಗೆ. ಈಗ ಬಿಡಿಸಲೇಬೇಕೇ?" ಬಿಡಿಸಲೇಬೇಕೆಂದಿಲ್ಲ. ಬೀಳುತ್ತಾರೆಯೇ, ಮರೆವು ಹೆಚ್ಚಿದೆಯೇ, ಅವರಿಗೇ ಬಿಡುವ ಮನಸ್ಸಿದೆಯೇ ಎಂದು ನೋಡಿ ನಿರ್ಧರಿಸಬೇಕು. ಅರ್ಧದಿಂದ ಕಾಲು ಗುಳಿಗೆಗೆ ಬಂದು ಅಲ್ಲೇ ಉಳಿದರೂ ಲಾಭವೇ. ಅವರನ್ನು ಕೇಳದೆ, ಹಾಲಿನಲ್ಲಿ ಬೆರೆಸುವ ಗುಳಿಗೆಯನ್ನು ಗುಟ್ಟಾಗಿ ಕಡಿಮೆ ಮಾಡುವುದು ಮಾತ್ರ ಬೇಡ.

ಕೊನೆಯ ಸಾಲಿನಿಂದ ಒಬ್ಬ ತಾಯಿ ಬಹಳ ಹೊತ್ತು ಕೈ ಎತ್ತಿ ಇಳಿಸಿ ಮಾಡುತ್ತಿದ್ದರು. ಸಭೆ ಚದುರಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಹಾಗಾದರೆ ಇವತ್ತು ರಾತ್ರಿ ನಾನು ಗುಳಿಗೆ ತೆಗೆದುಕೊಳ್ಳಲೋ ಬೇಡವೋ?"

"ತೆಗೆದುಕೊಳ್ಳಿ ಅಮ್ಮಾ, ದಿನಾ ಎಷ್ಟು ತೆಗೆದುಕೊಳ್ಳುತ್ತೀರೋ ಅಷ್ಟೇ. ಮಂಗಳವಾರ ಬನ್ನಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ತನ್ನಿ, ಗ್ಯಾಸ್ ಗುಳಿಗೆಯನ್ನೂ ತನ್ನಿ. ಕತ್ತರಿಸಿಟ್ಟ ಚೂರುಗಳಿದ್ದರೆ ಅವನ್ನೂ ಡಬ್ಬಿ ಸಮೇತ ತನ್ನಿ."